ವಿಜ್ಞಾನ ಒಲಿಂಪಿಯಾಡೋ, ಪ್ರೋಗ್ರಾಮಿಂಗ್ ಸ್ಪರ್ಧೆಯೋ: ನಾನು ಆರಿಸುವ ಬಗೆ

ಹೈಸ್ಕೂಲು ಮಕ್ಕಳನ್ನು ಸ್ಪರ್ಧೆಗೆ ತಯಾರು ಮಾಡುವಾಗ ‘ಯಾವ ವಿಷಯ ಇಷ್ಟ?’ ಎಂದು ನಾನು ಮೊದಲು ಕೇಳುವುದಿಲ್ಲ. ಭೌತಶಾಸ್ತ್ರ ಇಷ್ಟ ಎನ್ನುವ ಹಲವರಿಗೆ ಅಳತೆ ಮಾಡುತ್ತ ಕೂರುವುದು ಬೇಸರ. ಅಂತರರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್‌ನ 50 ಅಂಕಗಳಲ್ಲಿ 20 ಪ್ರಯೋಗಕ್ಕೇ ಇವೆ. ಕಂಪ್ಯೂಟರ್ ಇಷ್ಟ ಎನ್ನುವವರ ಮನಸ್ಸಿನಲ್ಲಿ ಇರುವುದು ಆ್ಯಪ್. ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಎರಡು ದಿನ, ದಿನಕ್ಕೆ ಐದು ಗಂಟೆ, ಸಾಮಾನ್ಯವಾಗಿ ಮೂರು ಸಮಸ್ಯೆ, ಎಲ್ಲವೂ ಅಲ್ಗಾರಿದಮ್, ಅಂದರೆ ಸಮಸ್ಯೆ ಬಿಡಿಸುವ ಹಂತ ಹಂತದ ಕ್ರಮ. ಆದ್ದರಿಂದ ಎರಡು ಕೆಲಸ ಕೊಟ್ಟು ನೋಡುತ್ತೇನೆ.

ಒಂದು, ಲೋಲಕ. ಉದ್ದ 20ರಿಂದ 100 ಸೆಂ.ಮೀ.ವರೆಗೆ ಐದು ಅಳತೆ. ಪ್ರತಿಯೊಂದಕ್ಕೂ 20 ಆಂದೋಲನಗಳ ಸಮಯ, ಮೂರು ಸಲ. ಒಂದೇ ಆಂದೋಲನ ಅಳೆದರೆ ಸ್ಟಾಪ್‌ವಾಚಿನ ಗುಂಡಿ ಒತ್ತುವ ತಡವೇ ಸುಮಾರು 0.2 ಸೆಕೆಂಡ್, 20 ಅಳೆದರೆ ಆ ದೋಷ ಇಪ್ಪತ್ತರಲ್ಲಿ ಹಂಚಿಹೋಗುತ್ತದೆ. ಉದ್ದವನ್ನು ಮೀಟರಿನಲ್ಲಿಟ್ಟು ಅವಧಿಯ ವರ್ಗದ ಗ್ರಾಫ್ ಎಳೆದರೆ ಇಳಿಜಾರು 4ರ ಆಸುಪಾಸು ಬರಬೇಕು. ಲೋಲಕದ ಗುಂಡಿನ ನಡುವಿನವರೆಗೆ ಅಳೆಯದೆ ದಾರವನ್ನಷ್ಟೇ ಅಳೆದರೆ ಇಳಿಜಾರು ಸರಿಯಾಗೇ ಇರುತ್ತದೆ, ಗೆರೆ ಮಾತ್ರ ಮೂಲಬಿಂದುವನ್ನು ತಪ್ಪಿಸುತ್ತದೆ. ಏಕೆಂದು ಕೆದಕುವ ಮಗು ಪ್ರಯೋಗಕ್ಕೆ ಒಗ್ಗುತ್ತದೆ. ಗೆರೆಯನ್ನು ಎಳೆದು ಸೊನ್ನೆಗೆ ಕೂರಿಸುವವರನ್ನು ನಾನು ಒತ್ತಾಯಿಸುವುದಿಲ್ಲ.

ಎರಡು, 2 ಲಕ್ಷ ಸಂಖ್ಯೆಗಳ ಪಟ್ಟಿಯಲ್ಲಿ ಕೊಟ್ಟ ಮೊತ್ತ ಬರುವ ಜೋಡಿಗಳೆಷ್ಟು? ಮಿತಿ 1 ಸೆಕೆಂಡ್. ಲೂಪಿನೊಳಗೆ ಲೂಪ್ ಹಾಕಿ ಪ್ರತಿ ಜೋಡಿಯನ್ನೂ ನೋಡಿದರೆ ಸುಮಾರು 2,000 ಕೋಟಿ ಹೋಲಿಕೆ. ಮಾಮೂಲಿ ಯಂತ್ರ ಅಷ್ಟರಲ್ಲಿ ಮುಗಿಸುವುದು ಹತ್ತಾರು ಕೋಟಿ. ಸಾರ್ಟ್ ಮಾಡಿ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿ, ಎರಡೂ ತುದಿಗಳಿಂದ ಒಳಕ್ಕೆ ಬಂದರೆ ಸಮಯ ಸಾಕು, ಆದರೆ ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದಾಗ ಎಣಿಕೆ ತಪ್ಪುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಉತ್ತರವೇ 2,000 ಕೋಟಿ ಹತ್ತಿರ. ಪ್ರೋಗ್ರಾಮಿನಲ್ಲಿ ಸಂಖ್ಯೆ ಇಡುವ 32 ಬಿಟ್‌ನ ‘ಇಂಟ್’ ಹಿಡಿಯುವುದು 214 ಕೋಟಿಯಷ್ಟೇ, ಹಾಗಾಗಿ ಅದಕ್ಕಿಂತ ದೊಡ್ಡದಾದ ‘ಲಾಂಗ್ ಲಾಂಗ್’ ಬೇಕು. ಉತ್ತರ ಪರೀಕ್ಷಿಸುವ ಜಡ್ಜ್ ಎಂಬ ಪ್ರೋಗ್ರಾಮು ‘ತಪ್ಪು’ ಅನ್ನುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಆಗ ತಾನೇ ಪುಟ್ಟ ಇನ್‌ಪುಟ್ ಬರೆದು, ನಿಧಾನದ ಪ್ರೋಗ್ರಾಮಿನ ಉತ್ತರದೊಂದಿಗೆ ಹೋಲಿಸುವ ಬುದ್ಧಿ ಇದೆಯೇ ಎಂಬುದೇ ನನ್ನ ಪರೀಕ್ಷೆ. ಕೋಡಿಂಗ್ ವೇಗಕ್ಕೆ ನಾನು ಬೆಲೆ ಕೊಡುವುದು ಕಡಿಮೆ.

ಎರಡರಲ್ಲೂ ಮನಸ್ಸು ನಿಲ್ಲದೆ, ಒಂದೇ ಪ್ರಶ್ನೆಯನ್ನು ತಿಂಗಳುಗಟ್ಟಲೆ ಹಿಡಿದು ಕೂರಬಲ್ಲವರಿಗೆ ಐಸೆಫ್ (ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ) ಮಾದರಿಯ ಪ್ರಾಜೆಕ್ಟ್ ಮೇಳ ಸರಿ. ಅಲ್ಲಿ ತಂಡದಲ್ಲಿ ಹೆಚ್ಚೆಂದರೆ ಮೂವರು. ಮನುಷ್ಯರು, ಕಶೇರುಕ ಪ್ರಾಣಿಗಳು, ರೋಗಕಾರಕ ಸೂಕ್ಷ್ಮಜೀವಿಗಳು ಇದ್ದರೆ ಅನುಮತಿ ಮೊದಲು, ಪ್ರಯೋಗ ಆಮೇಲೆ. ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚುವುದೂ ಇದರೊಳಗೆ ಬರುತ್ತದೆ; ಒಳ್ಳೆಯ ಪ್ರಾಜೆಕ್ಟುಗಳು ಅನರ್ಹವಾಗುವುದು ಇಲ್ಲೇ.