ಆಟಿಯ ಮಳೆಯಲ್ಲಿ ಬರೆದ ನಕ್ಷೆ

ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್‌ನ ಅರಿವು ಕೇಂದ್ರ ನೋಡಿಕೊಳ್ಳುವವಳು ನಾನು. ಊರವರ ಬಾಯಲ್ಲಿ ಈಗಲೂ ಅದು ಲೈಬ್ರರಿಯೇ. ಮಕ್ಕಳು ತಮ್ಮ ಕಷ್ಟ, ಬೇಡಿಕೆಗಳನ್ನು ಪಂಚಾಯತ್ ಮುಂದೆ ಹೇಳುವ ಮಕ್ಕಳ ಗ್ರಾಮಸಭೆ ಬಂತೆಂದರೆ ಅವರನ್ನು ಸೇರಿಸುವ ಕೆಲಸ ನನಗೂ ಶಾಲೆಯ ಟೀಚರುಗಳಿಗೂ ಬೀಳುತ್ತದೆ.

ಮೊದಲ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. 'ನಿಮಗೆ ಊರಲ್ಲಿ ಏನು ಬೇಕು?' ಅಂತ ಕೇಳಿಬಿಟ್ಟೆ. ಈಜುಕೊಳ ಅಂದರು, ಜಾರುಬಂಡಿ ಅಂದರು, ಒಬ್ಬ ವಿಮಾನ ನಿಲ್ದಾಣ ಅಂದ. ಸಭೆಯ ದಿನ ನಾಲ್ಕು ಮಕ್ಕಳು ಚೀಟಿ ನೋಡಿ ಓದಿದರು. ಚೀಟಿ ಬರೆದುಕೊಟ್ಟದ್ದು ನಾವೇ. ಚಪ್ಪಾಳೆ, ಬಿಸ್ಕೆಟ್, ಫೋಟೊ, ಮುಗೀತು.

ಚೀಟಿ ಇಲ್ಲದೆ ಮಾತಾಡಿದವನು ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ. 'ಕಾಲುಸಂಕ ದಾಟುವಾಗ ಹೆದರಿಕೆ ಆಗ್ತದೆ' ಅಂದ. ಕಾಲುಸಂಕ ಅಂದರೆ ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಹಾಕಿದ ಕಿರಿದಾದ ಕಾಲುಸೇತುವೆ. ಮೆಂಬರ್ ಒಬ್ಬರು ನಕ್ಕರು: 'ತೋಡಲ್ಲಿ ನೀರೇ ಇಲ್ವಲ್ಲ ಮಾರಾಯ, ಇಳಿದು ಹೋಗು.' ಅವರ ಮಾತೂ ಸುಳ್ಳಲ್ಲ. ನಮ್ಮಲ್ಲಿ ಈ ಸಭೆ ನಡೆಯುವುದು ನವೆಂಬರ್ ಬಂದ ಮೇಲೆ. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಜಿಲ್ಲೆಯಲ್ಲಿ, ತೋಡು ಇಳಿದ ಮೇಲೆ ಕೂತು ಮಕ್ಕಳ ಕಷ್ಟ ಕೇಳುತ್ತಿದ್ದೆವು.

ಮರುವರ್ಷ ಆಟಿ ತಿಂಗಳಲ್ಲೇ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲೇ, ಶುರು ಮಾಡಿದೆ. ನಾಲ್ಕು ಸಂಜೆ, ಶಾಲೆ ಬಿಟ್ಟ ಮೇಲೆ, ಕೊಡೆ ಹಿಡಿದು ಮಕ್ಕಳ ಹಿಂದೆ ನಡೆದೆ. ಮುಂದೆ ಅವರು, ಹಿಂದೆ ನಾನು. ಇದು ಮುಖ್ಯ. ನಾವು ಮುಂದೆ ಹೋದರೆ ನಮ್ಮ ದಾರಿಯಲ್ಲೇ ಕರೆದುಕೊಂಡು ಹೋಗುತ್ತೇವೆ. ಏನು ಬೇಕು ಅಂತ ಕೇಳಲೇ ಇಲ್ಲ. ಎಲ್ಲಿ ಓಡ್ತೀರಿ, ಎಲ್ಲಿ ನಿಲ್ತೀರಿ, ಎಲ್ಲಿ ಸುತ್ತು ಹಾಕ್ತೀರಿ, ಇಷ್ಟೇ. ಕಾಲುಸಂಕದ ಮೇಲೆ ಗಾಳಿ ಬಂದಾಗ ಮಕ್ಕಳು ಕೊಡೆ ಮಡಚಿ ಒದ್ದೆಯಾಗಿಯೇ ದಾಟಿದರು. ಕೊಡೆ ಬಿಚ್ಚಿದರೆ ಗಾಳಿ ಎಳೆಯುತ್ತದಂತೆ. ಇದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಲೈಬ್ರರಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಕ್ಷೆ. ಹೆದರಿಕೆಯ ಜಾಗಕ್ಕೆ ಕೆಂಪು, ಇಷ್ಟದ ಜಾಗಕ್ಕೆ ಹಸಿರು, ನೀರು ನಿಲ್ಲುವಲ್ಲಿ ನೀಲಿ. ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ನೆಲ ಕೊಟ್ಟೆ. ಎರಡನ್ನೂ ನೋಡಿದರೆ ಎರಡು ಊರು! ಹುಡುಗರ ನಕ್ಷೆಯಲ್ಲಿ ಕಲ್ಲಿನ ಕೋರೆಯ ಹಳೇ ಹೊಂಡ ಹಸಿರು. ಅಲ್ಲಿ ಅವರು ಈಜುತ್ತಾರೆ ಅಂತ ನನಗೆ ಗೊತ್ತಾದದ್ದು ಆವಾಗಲೇ, ಎದೆ ಧಸಕ್ಕೆಂದಿತು. ಹುಡುಗಿಯರ ನಕ್ಷೆಯಲ್ಲಿ ಬಸ್‌ಸ್ಟ್ಯಾಂಡಿನ ಗೂಡಂಗಡಿ ಕೆಂಪು. ಸಂಜೆ ಅಲ್ಲಿ ನಿಲ್ಲುವವರ ಕಣ್ಣು ತಪ್ಪಿಸಲು ಅವರು ಗುಡ್ಡೆಯ ದಾರಿಯಲ್ಲಿ ಸುತ್ತಿ ಬರುತ್ತಾರೆ.

ಇದನ್ನು ಮೈಕ್ ಹಿಡಿದು ಹೇಳು ಅಂದರೆ ಯಾವ ಹುಡುಗಿ ಹೇಳ್ತಾಳೆ? ಅದಕ್ಕೆ ಒಂದು ಡಬ್ಬಿ ಇಟ್ಟೆ. ಹೆಸರಿಲ್ಲದ ಚೀಟಿ ಹಾಕಬಹುದು. ಹುಡುಗಿಯರು ಕೇಳಿದ್ದು ಗುಡ್ಡೆ ದಾರಿಗೆ ಬೀದಿದೀಪ, ಪೊದೆ ಕಡಿಸುವುದು. ಅಂದರೆ ಸುತ್ತು ದಾರಿಯೇ ಗಟ್ಟಿಯಾಯಿತು. ನನಗೆ ಅದು ಈಗಲೂ ಸಮಾಧಾನ ತಂದಿಲ್ಲ. ಆದರೆ ಅವರು ಕೇಳಿದ್ದನ್ನು ಬದಲಿಸಲು ನಾನ್ಯಾರು?

ಪಿಯುಸಿ ಹುಡುಗರು ಮೊದಮೊದಲು ಹತ್ತಿರವೂ ಸುಳಿಯಲಿಲ್ಲ. 'ಮಕ್ಕಳ' ಅನ್ನುವ ಹೆಸರೇ ಅವರಿಗೆ ನಾಚಿಕೆ. ತೋಡಿನ ಅಗಲ ಅಳೆದು ಕೊಡಿ, ನೆರೆ ಬಂದಾಗ ಮೊಬೈಲಲ್ಲಿ ಫೋಟೊ ತೆಗೆಯಿರಿ ಅಂದೆ. ಟೇಪು ಕೈಗೆ ಬಂದದ್ದೇ ತಡ, ದಿನಾ ಹಾಜರು.

ನವೆಂಬರಿನ ಸಭೆಯಲ್ಲಿ ಭಾಷಣ ಇರಲಿಲ್ಲ. ಜುಲೈಯ ಫೋಟೊಗಳನ್ನು ಗೋಡೆಗೆ ಅಂಟಿಸಿದೆವು. ಅದೇ ಮೆಂಬರ್ ಸಂಕದ ಫೋಟೊ ಎದುರು ಸುಮಾರು ಹೊತ್ತು ನಿಂತರು. ನಗಲಿಲ್ಲ.

ಇದೆಲ್ಲ ನಾನು ಕಂಡುಹಿಡಿದದ್ದಲ್ಲ. ನಮ್ಮದೇ ಜಿಲ್ಲೆಯ ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳಿದ್ದವು. ದುಡಿಯುವ ಮಕ್ಕಳ ಪರ ಕೆಲಸ ಮಾಡುವ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಜೊತೆಗಿತ್ತು. ರಾಜ್ಯ ಸರ್ಕಾರ 2006ರಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿದ್ದು ಅದಾದ ಮೇಲೆ.

ಸಭೆ ಮುಗಿದ ಮೇಲಿನ ಕೆಲಸವೇ ಬೇಜಾರಿನದ್ದು. ಒಂದು ರಿಜಿಸ್ಟರ್ ಮಾಡಿದೆ: ಬೇಡಿಕೆ, ಯಾರಿಗೆ ಕೊಟ್ಟದ್ದು, ಉತ್ತರ. ಅದು ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲೇ ಇರುತ್ತದೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ತಿಂಗಳಿಗೊಮ್ಮೆ ಅದನ್ನು ಒಯ್ಯುತ್ತೇನೆ. 'ಆಗುವುದಿಲ್ಲ' ಅಂತಾದರೂ ಬರೆದುಕೊಡಿ ಅಂತ ಕೇಳುತ್ತೇನೆ. ಹದಿನಾಲ್ಕು ಬೇಡಿಕೆಯಲ್ಲಿ ಐದು ಆಗಿವೆ. ಸಂಕಕ್ಕೆ ಎರಡೂ ಬದಿ ಹಿಡಿದುಕೊಳ್ಳಲು ಪೈಪಿನ ಕಂಬಿ ಬಂತು. ಗುಡ್ಡೆ ದಾರಿಗೆ ಮೂರು ದೀಪ ಬಂದವು, ಒಂದು ಈಗಾಗಲೇ ಕೆಟ್ಟಿದೆ.

ಕೋರೆಯ ಹೊಂಡಕ್ಕೆ ಬೇಲಿ ಆಗಿಲ್ಲ. ಖಾಸಗಿ ಜಾಗವಂತೆ. ಸಂಕದ ಹುಡುಗ ಈಗ ಏಳನೇ ಕ್ಲಾಸು. ಪುಸ್ತಕ ಬದಲಿಸಲು ಬಂದಾಗಲೆಲ್ಲ ರಿಜಿಸ್ಟರಿನ ಆ ಪುಟ ತೆಗೆದು ನೋಡುತ್ತಾನೆ. 'ಟೀಚರ್, ಇಲ್ಲಿ ಇನ್ನೂ ಖಾಲಿ ಉಂಟಲ್ಲ' ಅನ್ನುತ್ತಾನೆ.