ಪಿನ್ ಪಾರ್ವತಿ ಪಾಸ್: ಬಿಸಿಲೇರುವ ಮುಂಚೆ ದಾಟುವ ಲೆಕ್ಕ

ಹಿಮಾಚಲದ ಪಾರ್ವತಿ ಕಣಿವೆಯನ್ನು ಸ್ಪಿತಿಯ ಪಿನ್ ಕಣಿವೆಗೆ ಸೇರಿಸುವ ಪಿನ್ ಪಾರ್ವತಿ ಪಾಸ್ 5,319 ಮೀಟರ್ ಎತ್ತರದಲ್ಲಿದೆ. ಪಾರ್ವತಿ ಕಡೆಯ ಬರ್ಶೈಣಿಯಿಂದ ಪಿನ್ ಕಡೆಯ ಮುದ್ ಹಳ್ಳಿವರೆಗೆ ನೂರು ಕಿಲೋಮೀಟರ್ ಆಸುಪಾಸಿನ ನಡಿಗೆ, ಹತ್ತು ದಿನ. ಹೊರಡುವವರು ಸಾಮಾನ್ಯವಾಗಿ ಎತ್ತರದ ಬಗ್ಗೆ, ಚಳಿಯ ಬಗ್ಗೆ ಕೇಳುತ್ತಾರೆ. ನಾನು ಮೊದಲು ಕೇಳುವುದು ಗಂಟೆಯ ಬಗ್ಗೆ. ಹಳ್ಳ ಎಷ್ಟು ಹೊತ್ತಿಗೆ ದಾಟುತ್ತೀರಿ? ಹಿಮದ ಮೇಲಿಂದ ಎಷ್ಟು ಹೊತ್ತಿಗೆ ಇಳಿದಿರುತ್ತೀರಿ? ಮೇಲೆ ನೀರೂ ಹಿಮವೂ ಬಿಸಿಲು ಹೇಳಿದಂತೆ ಕೇಳುತ್ತವೆ. ಹಾಗಾಗಿ ನಮ್ಮ ಇಡೀ ಯೋಜನೆಯನ್ನು ಪಾಸ್ ದಾಟುವ ಬೆಳಿಗ್ಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಮಾಡಿದೆವು.

ತಿಂಗಳು ಯಾವುದೆಂದರೆ ಸೆಪ್ಟೆಂಬರ್, ಅದರಲ್ಲೂ ಮೊದಲ ಮೂರು ವಾರ. ಜುಲೈ, ಆಗಸ್ಟಿನಲ್ಲಿ ಪಾರ್ವತಿ ಕಡೆ ಮಳೆ ಬಿಡುವುದಿಲ್ಲ, ಕಾಲುದಾರಿ ಕುಸಿದಿರುತ್ತದೆ. ಹಿಮನದಿಯ ಬಿರುಕುಗಳ ಮೇಲೆ ಹಳೆಯ ಹಿಮದ ಹೊದಿಕೆ ಇನ್ನೂ ಉಳಿದಿರುವುದರಿಂದ ಎಲ್ಲಿ ನೆಲ, ಎಲ್ಲಿ ಪೊಳ್ಳು ಎಂದು ಗೊತ್ತಾಗುವುದಿಲ್ಲ. ಸೆಪ್ಟೆಂಬರಿಗೆ ಆ ಹೊದಿಕೆ ಕರಗಿ ಬಿರುಕುಗಳು ಬಾಯಿ ತೆರೆದಿರುತ್ತವೆ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಕಾಣುವ ಬಿರುಕನ್ನು ಸುತ್ತಿಕೊಂಡು ಹೋಗಬಹುದು.

ನಮ್ಮ ತಂಗುದಾಣಗಳು ಹೀಗಿದ್ದವು: ಖೀರ್‌ಗಂಗಾ (ಸುಮಾರು 2,950 ಮೀಟರ್), ತುಂಡಾ ಭುಜ್ (3,300), ಠಾಕುರ್ ಕುವಾನ್ (3,500), ಓಡಿ ಥಾಚ್ (3,700), ಮಂತಲಾಯಿ ಸರೋವರ (4,100), ಅಲ್ಲೇ ಒಂದು ದಿನ ಹೆಚ್ಚು, ಹಿಮದಂಚಿನ ಕ್ಯಾಂಪ್ (4,800), ಪಾಸ್ ದಾಟಿ ಪಿನ್ ಕಡೆಯ ಕ್ಯಾಂಪ್, ಕೆಳಗಿನ ಹುಲ್ಲುಗಾವಲು, ಮುದ್. ಭುಜ್ ಎಂದರೆ ಭೂರ್ಜ ಮರ. ಆ ಮರಗಳು ಮುಗಿದಲ್ಲಿಗೆ ಕಾಡೂ ಮುಗಿಯಿತು.

ಈ ಪಟ್ಟಿಯಲ್ಲಿ ತೊಂದರೆ ಇರುವುದು ಮಂತಲಾಯಿ ದಾಟಿದ ಮೇಲೆ. 3,000 ಮೀಟರ್ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ಒಪ್ಪಿತ ನಿಯಮ. ಇಲ್ಲಿ ಒಂದೇ ದಿನಕ್ಕೆ 700 ಮೀಟರ್ ಏರಬೇಕು, ಏಕೆಂದರೆ ನಡುವಿನ ಕಲ್ಲುರಾಶಿಯಲ್ಲಿ ಟೆಂಟ್ ಹಾಕಲು ಒಳ್ಳೆಯ ಜಾಗ ಸಿಗುವುದು ಕಷ್ಟ. ಅದಕ್ಕೇ ಮಂತಲಾಯಿಯಲ್ಲಿ ಎರಡು ರಾತ್ರಿ. ನಡುವಿನ ದಿನವನ್ನು ಟೆಂಟಿನಲ್ಲಿ ಮಲಗಿ ಕಳೆಯಬಾರದು. ಮುಂದೆ ಹತ್ತಬೇಕಾದ ಅದೇ ಕಲ್ಲುರಾಶಿಯ ಮೇಲೆ ಬರಿಗೈಯಲ್ಲಿ 300–400 ಮೀಟರ್ ಹತ್ತಿ, ಅರ್ಧ ಗಂಟೆ ಕೂತು, ಇಳಿದು ಬರಬೇಕು. ಈ ದಿನವನ್ನು ಉಳಿಸಿ ಒಂದು ದಿನ ಮೊದಲೇ ಊರು ಸೇರುವ ಆಸೆಗೆ ದಯವಿಟ್ಟು ಬೀಳಬೇಡಿ. ತಲೆನೋವಿನ ಜೊತೆ ವಾಕರಿಕೆ ಅಥವಾ ಸುಸ್ತು ಇದ್ದರೆ ಮೇಲಿನ ಕ್ಯಾಂಪಿಗೆ ಹೊರಡುವಂತಿಲ್ಲ, ಅದು ಎಷ್ಟೇ ಸಣ್ಣದಿರಲಿ. ಮಂತಲಾಯಿಯಿಂದ ಹಿಂದಿರುಗಲು ಮೂರು ದಿನ ಬೇಕು, ಆದರೂ ದಾರಿ ಪೂರ್ತಿ ಇಳಿಜಾರು. ಮೇಲಿನ ಕ್ಯಾಂಪಿನಲ್ಲಿ ಕೆಟ್ಟರೆ ಎರಡೂ ಕಡೆ ಕಷ್ಟ. ಎತ್ತರದ ಕಾಯಿಲೆ ತಡೆಯಲು ಡೈಯಾಮಾಕ್ಸ್ ಮಾತ್ರೆ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವವರಿದ್ದಾರೆ. ಸಲ್ಫಾ ಅಲರ್ಜಿ ಇದ್ದವರು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಬರಬೇಕು.

ಕುಮಾರ ಪರ್ವತ ಹತ್ತಿಳಿದರೆ ತೊಡೆ, ಮಂಡಿ ಗಟ್ಟಿಯಾಗುತ್ತವೆ, ಅದನ್ನು ಖಂಡಿತ ಮಾಡಿ. ಆದರೆ 1,712 ಮೀಟರ್‌ ಬೆಟ್ಟ ರಕ್ತಕ್ಕೆ ಏನನ್ನೂ ಕಲಿಸುವುದಿಲ್ಲ. ಪಾಸ್‌ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಓಡಿ ಥಾಚಿಗೆ ಮುಂಚೆ ಪಾಂಡು ಪುಲ್ ಬರುತ್ತದೆ. ಮನೆಯಷ್ಟು ದೊಡ್ಡ ಬಂಡೆಗಳು ನೀರಿನ ಮೇಲೆ ಅಡ್ಡ ಕೂತು ಸೇತುವೆಯಾಗಿವೆ. ಭೀಮ ತಂದಿಟ್ಟದ್ದು ಎನ್ನುತ್ತಾರೆ ಅಲ್ಲಿಯವರು. ಒಣಗಿದ್ದಾಗ ಬಂಡೆ ಬೂಟನ್ನು ಚೆನ್ನಾಗಿ ಹಿಡಿಯುತ್ತದೆ. ಒದ್ದೆಯಾದರೆ ಸಾಬೂನು ಹಚ್ಚಿದ ಹಾಗೆ. ಮಳೆಯಿದ್ದರೆ ಹಗ್ಗ ಕಟ್ಟಿ, ಚೀಲಗಳನ್ನು ಬೇರೆಯಾಗಿ ಇಳಿಸಿ, ಒಬ್ಬೊಬ್ಬರಾಗಿ ಕೂತು ಜಾರಿಕೊಂಡು ಇಳಿಯಿರಿ.

ಹಿಮ ಕರಗಿ ಬರುವ ಹಳ್ಳಗಳು ಬೆಳಿಗ್ಗೆ ಮೊಣಕಾಲಿಗಿದ್ದರೆ ಮಧ್ಯಾಹ್ನ ಮೂರಕ್ಕೆ ತೊಡೆಗೆ ಬರಬಹುದು. ಬೂಟು ಬಿಚ್ಚಿ ಚೀಲಕ್ಕೆ ಕಟ್ಟಿ, ಹಿಂಪಟ್ಟಿಯಿರುವ ಸ್ಯಾಂಡಲ್ ಹಾಕಿ. ಬರಿಗಾಲು ಬೇಡ, ಆ ನೀರಿನಲ್ಲಿ ಎರಡು ನಿಮಿಷಕ್ಕೆ ಪಾದ ಮರಗಟ್ಟಿ ಎಲ್ಲಿ ಊರುತ್ತಿದ್ದೀರೆಂದೇ ತಿಳಿಯುವುದಿಲ್ಲ. ಚೀಲದ ಸೊಂಟದ ಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಕಳಚಬೇಕು. ಮುಖ ಹರಿವಿನ ಎದುರಿಗೆ, ಕೋಲು ಮುಂದೆ, ಒಂದು ಹೊತ್ತಿಗೆ ಒಂದೇ ಕಾಲು ಎತ್ತಿ ಅಡ್ಡಕ್ಕೆ ಸರಿಯುತ್ತ ಹೋಗಿ.

ಇನ್ನು ಹಿಮನದಿಯ ಮೇಲೆ ಎಲ್ಲರನ್ನೂ ಒಟ್ಟಿಗೆ ಕಟ್ಟುವ ಹಗ್ಗ. ಐದು ಜನಕ್ಕೆ ಒಂದು 50 ಮೀಟರ್ ಹಗ್ಗ. ಒಬ್ಬರಿಗೊಬ್ಬರಿಗೆ 9 ಮೀಟರ್ ಅಂತರ, ಗಂಟುಗಳಿಗೆ ಹೋಗಿ ಉಳಿದದ್ದು ಎರಡು ತುದಿಯವರ ಬಳಿ ಸುರುಳಿಯಾಗಿ. ತುದಿಯವರು ಫಿಗರ್ ಎಯ್ಟ್ ಗಂಟಿಗೆ, ನಡುವಿನವರು ಬಟರ್‌ಫ್ಲೈ ಗಂಟಿಗೆ ಸ್ಕ್ರೂ ಇರುವ ಕ್ಯಾರಬೈನರ್ (ಲೋಹದ ಕೊಕ್ಕೆ) ಹಾಕಿ ಸೊಂಟ, ತೊಡೆಗೆ ಕಟ್ಟಿದ ಹಾರ್ನೆಸ್‌ಗೆ ಸೇರಿಸಿಕೊಳ್ಳಬೇಕು. ಪ್ರತಿಯೊಬ್ಬರ ಹತ್ತಿರ 6 ಮಿಲಿಮೀಟರಿನ ಎರಡು ಪ್ರುಸಿಕ್ ಕುಣಿಕೆಗಳು (ಬಿದ್ದವರು ಹಗ್ಗಕ್ಕೆ ಸುತ್ತಿ ಮೇಲೇರಲು ಬಳಸುವವು), ಒಂದು ಸೊಂಟಕ್ಕೆ, ಉದ್ದದ್ದು ಕಾಲಿಗೆ. ಇವು ಚೀಲದೊಳಗೆ ಇದ್ದರೆ ಇಲ್ಲದಂತೆಯೇ, ಬಿದ್ದವರ ಕೈಗೆ ಸಿಗುವಂತೆ ಹಾರ್ನೆಸ್‌ನಲ್ಲೇ ತೂಗುತ್ತಿರಬೇಕು.

ಹೊಸಬರು ಎಲ್ಲರೂ ಮಾಡುವ ತಪ್ಪು ಹಗ್ಗವನ್ನು ಸಡಿಲ ಬಿಡುವುದು. ಮುಂದಿನವರು ನಿಂತರೆ ಹಿಂದಿನವರು ಹತ್ತಿರ ಬಂದು ಮಾತಿಗೆ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ. ಹಗ್ಗ ಕಾಲ ಬುಡದಲ್ಲಿ ಸುರುಳಿ ಬೀಳುತ್ತದೆ. ಆ ಗಳಿಗೆಯಲ್ಲಿ ಒಬ್ಬರು ಕುಸಿದರೆ, ಹಗ್ಗ ಬಿಗಿಯುವ ಹೊತ್ತಿಗೆ ಅವರು ಮೂರು ನಾಲ್ಕು ಮೀಟರ್ ಬಿದ್ದಿರುತ್ತಾರೆ, ಆ ಎಳೆತಕ್ಕೆ ಎರಡನೆಯವರೂ ಜಾರುತ್ತಾರೆ. ಹಗ್ಗ ಹಿಮವನ್ನು ಸವರುವಷ್ಟು ಮಾತ್ರ ಜೋತಿರಬೇಕು. ಮುಂದಿನವರು ನಿಂತರೆ ನೀವೂ ಇದ್ದಲ್ಲೇ ನಿಲ್ಲಬೇಕು. ಬಿರುಕಿನ ಉದ್ದಕ್ಕೆ ಸಾಲಾಗಿ ನಡೆಯಬಾರದು, ಅಡ್ಡಲಾಗಿ ದಾಟಬೇಕು, ಇಲ್ಲದಿದ್ದರೆ ಇಬ್ಬರು ಒಂದೇ ಪೊಳ್ಳಿನ ಮೇಲೆ ಇರುತ್ತಾರೆ. ಮುಂದಿನವರು ಅನುಮಾನ ಬಂದಲ್ಲೆಲ್ಲ ಹಿಮ ಕಡಿಯುವ ಕೊಡಲಿಯಾದ ಐಸ್ ಆಕ್ಸ್‌ನ ಹಿಡಿಯನ್ನು ಹಿಮಕ್ಕೆ ಚುಚ್ಚುತ್ತ ಹೋಗಬೇಕು. ಒಂದೇ ಸಮನೆ ಬಿಗಿಯಾಗಿ ಇಳಿದರೆ ಸರಿ, ತಟ್ಟನೆ ಸಡಿಲವಾಗಿ ಒಳಗೆ ಹೋದರೆ ಹಿಂದಕ್ಕೆ ಬರಬೇಕು.

ಬಿದ್ದವರನ್ನು ಎಳೆಯುವಾಗ ಹಗ್ಗ ಅಂಚಿನ ಹಿಮವನ್ನು ಕೊಯ್ದುಕೊಂಡು ಒಳಗೆ ಹೂತುಹೋಗುತ್ತದೆ, ಆಮೇಲೆ ನಾಲ್ವರು ಎಳೆದರೂ ಬರುವುದಿಲ್ಲ. ಎಳೆಯುವ ಮುಂಚೆ ಒಬ್ಬರು, ತಾವೂ ಹಗ್ಗಕ್ಕೆ ಕಟ್ಟಿಕೊಂಡೇ, ಅಂಚಿಗೆ ತೆವಳಿ ಹಗ್ಗದ ಕೆಳಗೆ ಐಸ್ ಆಕ್ಸ್ ಅಥವಾ ಚೀಲ ಇಡಬೇಕು. ಆ ಐಸ್ ಆಕ್ಸ್ ಬಿರುಕಿಗೆ ಬೀಳದಂತೆ ಅದನ್ನೂ ಕಟ್ಟಿರಬೇಕು. ಇದನ್ನೆಲ್ಲ ಮಂತಲಾಯಿಯ ಬಿಡುವಿನ ದಿನ ಸಪಾಟು ನೆಲದಲ್ಲಿ ಎರಡು ಸಲ ಮಾಡಿ ನೋಡಿದೆವು, ಕೈಗವಸು ಹಾಕಿಕೊಂಡೇ. ಬರಿಗೈಯಲ್ಲಿ ಸಲೀಸಾಗಿ ಬರುವ ಗಂಟು ಕೈಗವಸಿನಲ್ಲಿ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಹಿಮದಡಿಯ ಗಟ್ಟಿ ನೀಲಿ ಐಸ್ ಅಲ್ಲಲ್ಲಿ ಬಯಲಾಗಿರುತ್ತದೆ, ಅಲ್ಲಿ ಬೂಟಿನಡಿ ಹಾಕುವ ಸಣ್ಣ ಮುಳ್ಳಿನ ಮೈಕ್ರೋಸ್ಪೈಕ್ ಸಾಲದು, ಉದ್ದ ಮುಳ್ಳಿನ ಕ್ರಾಂಪಾನ್ ಬೇಕು. ಮೆತ್ತನೆಯ ಟ್ರೆಕ್ಕಿಂಗ್ ಬೂಟಿಗೆ ಪಟ್ಟಿ ಬಿಗಿಯುವ ಬಗೆಯದೇ ಕೂರುವುದು. ಊರಲ್ಲೇ ನಿಮ್ಮ ಬೂಟಿಗೆ ಹಾಕಿ, ಕಾಲು ಝಾಡಿಸಿ ನೋಡಿ. ಪಾದಗಳನ್ನು ಅಗಲ ಇಟ್ಟು ನಡೆಯಿರಿ, ಮುಳ್ಳು ಇನ್ನೊಂದು ಕಾಲಿನ ಬೂಟಿನ ಮೇಲೆ ಸುತ್ತುವ ಗೇಟರ್‌ಗೆ ಸಿಕ್ಕಿಕೊಂಡು ಬೀಳುವವರೇ ಹೆಚ್ಚು. ಬಿಸಿಲೇರಿದ ಮೇಲೆ ಒದ್ದೆ ಹಿಮ ಮುಳ್ಳಿನ ನಡುವೆ ಮುದ್ದೆಗಟ್ಟಿದರೆ ಐಸ್ ಆಕ್ಸ್‌ನಿಂದ ಬೂಟಿನ ಬದಿಗೆ ತಟ್ಟಿ ಉದುರಿಸಿ.

ಪಾಸ್ ದಾಟುವ ಹಿಂದಿನ ಸಂಜೆ, ಹಿಮದಂಚಿನ ಕ್ಯಾಂಪಿನಲ್ಲಿ, ಬೆಳಕಿರುವಾಗಲೇ ನೀರು ತುಂಬಿಟ್ಟುಕೊಳ್ಳಿ, ರಾತ್ರಿ ತೊರೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಐಸ್ ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆದಿರುತ್ತದೆ. ಬೂಟು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಲಗುಚೀಲದ ಕಾಲಡಿ ಇಡಿ, ಟಾರ್ಚ್ ಸೆಲ್ ಮತ್ತು ಫೋನ್ ಎದೆಯ ಹತ್ತಿರ. ಆ ಎತ್ತರದಲ್ಲಿ ನೀರು 84 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ನಾವು ನೆಚ್ಚಿಕೊಂಡದ್ದು ತೆಳು ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಜೇಬಿನಲ್ಲಿ ಬೆಲ್ಲ ಮತ್ತು ಶೇಂಗಾ ಚಿಕ್ಕಿ. ಬಿಸಿನೀರು ಹಾಕಿದರೆ ಅವಲಕ್ಕಿ ಐದು ನಿಮಿಷದ ಊಟ.

ಪಾಸ್ ದಾಟುವ ದಿನ ರಾತ್ರಿ ಎರಡಕ್ಕೆ ಎದ್ದು, ಮೂರೂವರೆಗೆ ಹೆಜ್ಜೆ ಹಾಕಿ, ಎಂಟೂವರೆಯೊಳಗೆ ಪಾಸ್, ಹನ್ನೊಂದಕ್ಕೆ ಹಿಮನದಿಯಿಂದ ಹೊರಗೆ. ಒಂಬತ್ತೂವರೆಗೂ ಪಾಸ್ ಸಿಗದಿದ್ದರೆ ಹಿಂದಿರುಗುವುದೆಂದು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿದ್ದೆವು. ಆ ಮಾತನ್ನು ಪಾಸಿನ ಬುಡದಲ್ಲಿ ನಿಂತು ಆಡಲಾಗದು, ಆಗ ಎಲ್ಲರ ಕಣ್ಣೂ ಮೇಲಿರುತ್ತದೆ. ಸೂರ್ಯ ಮೂಡುತ್ತಲೇ ಕಪ್ಪು ಕನ್ನಡಕ ಹಾಕಬೇಕು, ಬದಿ ಮುಚ್ಚಿರುವಂಥದ್ದು, ಅತಿ ಕಡು ಗಾಜಿನ ಕೆಟಗರಿ 4. ಮೋಡ ಕವಿದಿದ್ದರೂ ತೆಗೆಯಬಾರದು. ಮೂಗಿನ ಕೆಳಗೆ, ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಬಳಿಯಿರಿ, ಬಿಸಿಲು ಕೆಳಗಿನಿಂದಲೂ ಸುಡುತ್ತದೆ.

ಬರ್ಶೈಣಿ ಕಡೆಯ ಮೊಬೈಲ್ ಸಿಗ್ನಲ್ ಹಿಂದೆ ಉಳಿದ ಮೇಲೆ ಮೇಲೆಲ್ಲೂ ಅದನ್ನು ನಂಬಿಕೊಳ್ಳುವಂತಿಲ್ಲ. ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್‌ನಂಥ ಸಾಧನಗಳನ್ನು ಭಾರತದಲ್ಲಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ದಾರಿಯ ಜಿಪಿಎಸ್ ಜಾಡನ್ನು ಎರಡು ಫೋನ್‌ಗಳಲ್ಲಿ ಇಳಿಸಿಕೊಂಡಿರಿ, ಆದರೆ ಬಿರುಕುಗಳು ವರ್ಷವರ್ಷ ಜಾಗ ಬದಲಿಸುತ್ತವೆ, ಹಳೆಯ ಜಾಡಿನ ಮೇಲೆ ಕಣ್ಣುಮುಚ್ಚಿ ನಡೆಯಬೇಡಿ. ಆ ವರ್ಷವೇ ಅಲ್ಲಿ ಓಡಾಡಿದ ಗೈಡ್ ಜೊತೆಗಿರಲಿ.

ಪಿನ್ ಕಡೆ ಇಳಿದಾಗ ಮಳೆನಾಡು ಮುಗಿದು ಕಂದು, ನೇರಳೆ ಬಣ್ಣದ ಒಣ ಕಲ್ಲುಜಾರುಗಳು ಶುರುವಾಗುತ್ತವೆ. ಗೆದ್ದೆವೆಂದು ಇಲ್ಲಿ ಮೈಮರೆಯುವವರು ಬಹಳ. ದಣಿದ ಮಧ್ಯಾಹ್ನದಲ್ಲಿ ಎದುರಿಗೆ ಮತ್ತೆ ಹಳ್ಳ ಬರುತ್ತದೆ, ಅದೂ ದಿನದ ಅತಿ ಹೆಚ್ಚು ನೀರಿನ ಹೊತ್ತಿಗೆ. ಆಚೆ ದಡ ಎಷ್ಟೇ ಹತ್ತಿರ ಕಂಡರೂ ಈಚೆ ದಡದಲ್ಲೇ ಟೆಂಟ್ ಹಾಕಿ. ನೀರಿನಂಚಿಗೆ ಒಂದು ಕಲ್ಲು ಗುರುತು ಇಟ್ಟು ಮಲಗಿ. ಬೆಳಿಗ್ಗೆ ಆರಕ್ಕೆ ಆ ಕಲ್ಲು ಒಣಗಿರುತ್ತದೆ.