ಆಸ್ಟ್ರೇಲಿಯಾಗೆ ಹೊಸದಾಗಿ ಬಂದಿದೀರಾ? ಸೆಖೆ ನೋಡ್ಬೇಡಿ, ಯುವಿ ನಂಬರ್ ನೋಡಿ

ಇಲ್ಲಿಗೆ ಬಂದ ಹೊಸದ್ರಲ್ಲಿ ನಮ್ಮೋರು ಹೆಚ್ಚುಕಮ್ಮಿ ಎಲ್ರೂ ಹೇಳೋ ಮಾತು, "ಬಿಸಿಲೇನು ನಮಗೆ ಹೊಸದಾ, ಹುಟ್ಟಿ ಬೆಳೆದಿದ್ದೇ ಬಿಸಿಲಲ್ಲಿ." ಸರಿ, ಒಪ್ಕೊಳ್ಳೋಣ. ಆದ್ರೆ ಮೆಲ್ಬರ್ನಲ್ಲಿ ನವೆಂಬರ್ ತಿಂಗಳ ಒಂದು ಶನಿವಾರ ಅಂದ್ಕೊಳ್ಳಿ, 19 ಡಿಗ್ರಿ, ತಣ್ಣನೆ ಗಾಳಿ, ಮೋಡ ಬೇರೆ ಆಗಾಗ ಬಂದು ಹೋಗ್ತಿರತ್ತೆ, ಮಗನ ಕ್ರಿಕೆಟ್ ಮ್ಯಾಚ್ ನೋಡ್ತಾ ಬೌಂಡರಿ ಹತ್ರ ಕೂತಿರ್ತೀರ, ಸೆಖೆ ಅನ್ಸೋದೇ ಇಲ್ಲ, ರಾತ್ರಿ ಸ್ನಾನಕ್ಕೆ ಹೋಗಿ ಬಿಸಿನೀರು ಕತ್ತಿನ ಹಿಂದೆ ಬಿದ್ದಾಗ ಚುರ್ ಅನ್ನತ್ತೆ. ಯಾಕಂದ್ರೆ ಚರ್ಮ ಸುಡೋದು ಸೆಖೆಯಿಂದಲ್ಲ, ಯುವಿ ಕಿರಣದಿಂದ, ಅದು ಕಣ್ಣಿಗೂ ಕಾಣಲ್ಲ ಮೈಗೂ ಗೊತ್ತಾಗಲ್ಲ.

ಇಲ್ಲೇ ಯಾಕಿಷ್ಟು ಜೋರು ಅಂದ್ರೆ, ಭೂಮಿ ಸೂರ್ಯಂಗೆ ತುಂಬ ಹತ್ರ ಬರೋದು ಜನವರಿ ಮೊದಲ ವಾರದಲ್ಲಿ, ಇಲ್ಲಿ ಬೇಸಿಗೆ ಇರೋದೂ ಆಗಲೇ, ಜೊತೆಗೆ ಗಾಳಿಯಲ್ಲಿ ಧೂಳು ಹೊಗೆ ಕಮ್ಮಿ, ತಡೆಯೋಕೆ ಜಾಸ್ತಿ ಏನೂ ಇಲ್ಲ. (ಓಝೋನ್ ತೂತು ಸೀದಾ ನಮ್ಮ ತಲೆ ಮೇಲೇ ಇದೆ ಅಂತ ವಾಟ್ಸಾಪಲ್ಲಿ ಬರತ್ತಲ್ಲ, ಬಿಟ್ಬಿಡಿ, ಅದು ಇರೋದು ಅಂಟಾರ್ಟಿಕಾ ಮೇಲೆ.) ಈ ದೇಶದಲ್ಲಿ 70 ವಯಸ್ಸಾಗೋದ್ರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದ್ರೂ ಒಂದು ಥರದ ಸ್ಕಿನ್ ಕ್ಯಾನ್ಸರ್ ಕಾಣಿಸ್ಕೊಳ್ಳತ್ತೆ, ಅದಕ್ಕೇ ಇಲ್ಲಿನ ಜನ ಇದನ್ನ ಅಷ್ಟು ಸೀರಿಯಸ್ಸಾಗಿ ತಗೊಳ್ಳೋದು.

ಸೋ ಮೊದಲ ಕೆಲಸ, ಫೋನಲ್ಲಿ ಸನ್‌ಸ್ಮಾರ್ಟ್ ಗ್ಲೋಬಲ್ ಯುವಿ ಆ್ಯಪ್ ಹಾಕ್ಕೊಳ್ಳಿ. ಫ್ರೀ. ಇವತ್ತು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಹುಷಾರಾಗಿರ್ಬೇಕು ಅಂತ ನಿಮ್ಮ ಊರಿನ ಪ್ರಕಾರ ತೋರಿಸತ್ತೆ. ಯುವಿ ನಂಬರ್ (ಆ ಕಿರಣ ಎಷ್ಟು ಜೋರು ಅನ್ನೋ ಅಳತೆ) 3 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕವರ್ ಮಾಡ್ಕೊಳ್ಳಿ, ಅಷ್ಟೇ ರೂಲು. ಮೆಲ್ಬರ್ನ್, ಹೋಬಾರ್ಟ್ ಕಡೆ ಮೇ ಇಂದ ಆಗಸ್ಟ್‌ವರೆಗೆ ಸಾಮಾನ್ಯವಾಗಿ 3ರ ಕೆಳಗೇ ಇರತ್ತೆ, ಬ್ರಿಸ್ಬೇನ್, ಡಾರ್ವಿನ್ ಕಡೆಯವ್ರಿಗೆ ಮಾತ್ರ ವರ್ಷ ಪೂರ್ತಿ ರಜಾ ಇಲ್ಲ.

ಇಲ್ಲಿ ಮಕ್ಕಳಿಗೂ ಬಾಯಿಪಾಠ ಆಗಿರೋದು "ಸ್ಲಿಪ್ ಸ್ಲಾಪ್ ಸ್ಲ್ಯಾಪ್". 1981ರಲ್ಲಿ ಸಿಡ್ ಅನ್ನೋ ಒಂದು ಕಾರ್ಟೂನ್ ಕಡಲಹಕ್ಕಿ ಟಿವಿಲಿ ಕುಣೀತಾ ಹೇಳ್ಕೊಟ್ಟಿದ್ದು, ಅಂಗಿ ಹಾಕ್ಕೊಳ್ಳಿ, ಸನ್‌ಸ್ಕ್ರೀನ್ ಬಳ್ಕೊಳ್ಳಿ, ಟೋಪಿ ಇಟ್ಕೊಳ್ಳಿ ಅಂತ. ಆಮೇಲೆ ನೆರಳು ಹುಡುಕಿ, ಕೂಲಿಂಗ್ ಗ್ಲಾಸ್ ಹಾಕಿ ಅಂತ ಇನ್ನೆರಡು ಸೇರಿಸಿದ್ರು.

ಸನ್‌ಸ್ಕ್ರೀನ್ ವಿಷಯದಲ್ಲೇ ಎಲ್ರೂ ಎಡವೋದು, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಸಮಸ್ಯೆ ಬ್ರ್ಯಾಂಡ್ ಅಲ್ಲ, ಎಷ್ಟು ಹಚ್ತೀರ ಅನ್ನೋದು. ಅಡುಗೆಮನೆಯಿಂದ ಒಂದು ಟೀ ಚಮಚ ತಗೊಂಡು ತುಂಬ ಕ್ರೀಮ್ ಹಾಕಿ ಅಂಗೈ ಮೇಲೆ ಸುರ್ಕೊಂಡು ನೋಡಿ, ಅಷ್ಟೂ ಮುಖ, ಕಿವಿ, ಕತ್ತಿಗೆ ಮಾತ್ರ. ಇನ್ನೊಂದೊಂದು ಚಮಚ ಒಂದೊಂದು ತೋಳಿಗೆ, ಒಂದೊಂದು ಕಾಲಿಗೆ, ಎದೆ ಹೊಟ್ಟೆಗೆ ಒಂದು, ಬೆನ್ನಿಗೆ ಒಂದು, ಒಟ್ಟು 7 ಚಮಚ, ಅಂದ್ರೆ 35 ಎಂಎಲ್. ಬೀಚಿಗೆ ಹೋಗೋ ದಿನ 110 ಎಂಎಲ್ ಟ್ಯೂಬು ಒಬ್ರಿಗೇ ಮೂರು ಸಲಕ್ಕೆ ಖಾಲಿ. ನಾವೋ ಬಟಾಣಿ ಕಾಳಷ್ಟು ತಗೊಂಡು ಮುಖಕ್ಕೆಲ್ಲ ತಿಕ್ಕಿ "50 ಹಾಕಿದೀನಿ" ಅಂತೀವಿ, ಅಷ್ಟು ತೆಳ್ಳಗೆ ಹಚ್ಚಿದ್ರೆ ಡಬ್ಬಿ ಮೇಲೆ ಬರೆದಿರೋ ಎಸ್‌ಪಿಎಫ್ ನಂಬರ್ (ಎಷ್ಟು ರಕ್ಷಣೆ ಅನ್ನೋ ಅಳತೆ) ಸಿಗಲ್ಲ ರೀ.

ಹೊರಗೆ ಹೋಗೋ 20 ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಂದ್ಸಲ ಮತ್ತೆ ಹಚ್ಚಿ, ನೀರಿಗಿಳಿದು ಟವೆಲಲ್ಲಿ ಒರೆಸ್ಕೊಂಡ್ರೆ ಎರಡು ಗಂಟೆ ಕಾಯ್ಬೇಡಿ. "4 ಗಂಟೆ ವಾಟರ್ ರೆಸಿಸ್ಟೆಂಟ್" ಅಂತ ಇರೋದನ್ನ 4 ಗಂಟೆ ಮತ್ತೆ ಹಚ್ಚೋದೇ ಬೇಡ ಅಂತ ಓದ್ಕೋಬೇಡಿ. ಎಸ್‌ಪಿಎಫ್ 30 ಚರ್ಮ ಸುಡೋ ಯುವಿನ ಸುಮಾರು 97% ತಡೆದ್ರೆ 50 ಸುಮಾರು 98% ತಡೆಯತ್ತೆ, ವ್ಯತ್ಯಾಸ ಇಷ್ಟೇ, ಆದ್ರಿಂದ ದುಬಾರಿದು ತಗೊಂಡು ಜಿಪುಣತನ ಮಾಡೋದಕ್ಕಿಂತ ಸೂಪರ್‌ಮಾರ್ಕೆಟಿನ ದೊಡ್ಡ ಪಂಪ್ ಬಾಟಲ್ ತಗೊಂಡು ಧಾರಾಳವಾಗಿ ಹಚ್ಚೋದೇ ವಾಸಿ ಅಂತೀನಿ ನಾನು. ಬ್ರಾಡ್ ಸ್ಪೆಕ್ಟ್ರಮ್ (ಎರಡೂ ಥರದ ಯುವಿ ತಡೆಯೋದು) ಅಂತ ಇದ್ಯಾ ನೋಡಿ. ನಮ್ಮ ಬಣ್ಣಕ್ಕೆ ಝಿಂಕ್ ಇರೋವು ಬೂದಿ ಬಳ್ಕೊಂಡ ಹಾಗೆ ಕಾಣ್ತವೆ, ಹಂಗನ್ಸಿದ್ರೆ ಝಿಂಕ್ ಇಲ್ಲದ್ದು ಇಲ್ಲಾ ಟಿಂಟೆಡ್ ಟ್ರೈ ಮಾಡಿ, ಹಚ್ಚೋದನ್ನೇ ನಿಲ್ಲಿಸ್ಬೇಡಿ. ಬಾಟಲ್ ಕಾರಲ್ಲಿ ಬಿಡ್ಬೇಡಿ, 30 ಡಿಗ್ರಿ ಒಳಗಿಡಿ ಅಂತ ಅದ್ರ ಮೇಲೇ ಬರೆದಿರತ್ತೆ. 6 ತಿಂಗಳೊಳಗಿನ ಪಾಪುಗೆ ಮೈಯೆಲ್ಲ ಸನ್‌ಸ್ಕ್ರೀನ್ ಬೇಡ, ನೆರಳು, ತೆಳು ಬಟ್ಟೆ, ಟೋಪಿ ಸಾಕು.

ಟೋಪಿ ಅಂದ್ರೆ ಕ್ರಿಕೆಟ್ ಕ್ಯಾಪ್ ಅಲ್ಲ, ಅದು ಕಿವಿ ಕತ್ತು ಎರಡನ್ನೂ ಬಿಸಿಲಿಗೇ ಬಿಡತ್ತೆ. ಸುತ್ತ ಅಂಚು ಇರೋದು ಬೇಕು, ದೊಡ್ಡವ್ರಿಗೆ 7.5 ಸೆಂಟಿಮೀಟರ್ ಆದ್ರೂ ಇರ್ಲಿ. ಸ್ಕೂಲುಗಳಲ್ಲಿ ಟೋಪಿ ಇಲ್ದಿದ್ರೆ ಆಟ ಇಲ್ಲ ಅನ್ನೋ ರೂಲ್ ಇರತ್ತೆ, ಮರೆತು ಕಳ್ಸಿದ್ರೆ ಮಗು ರಿಸೆಸ್ ಪೂರ್ತಿ ನೆರಳಲ್ಲಿ ಕೂತು ಸಂಜೆ ನಿಮ್ಮನ್ನ ತರಾಟೆಗೆ ತಗೊಳ್ಳತ್ತೆ, ಬ್ಯಾಗಲ್ಲೇ ಒಂದು ಎಕ್ಸ್‌ಟ್ರಾ ಇಟ್ಬಿಡಿ. ಬಟ್ಟೆನ ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಾಣ್ಸಿದ್ರೆ ಯುವಿನೂ ನುಗ್ಗತ್ತೆ. ಈಜೋ ಮಕ್ಕಳಿಗೆ ಇಲ್ಲಿ "ರ‍್ಯಾಶಿ" ಅಂತಾರಲ್ಲ, ಉದ್ದ ತೋಳಿನ ಈಜೋ ಅಂಗಿ, ಅದು ಕೊಡ್ಸಿದ್ರೆ ಅರ್ಧ ಸನ್‌ಸ್ಕ್ರೀನ್ ಜಗಳ ಮುಗೀತು.

ಕಾರಲ್ಲಿ ಮುಂದಿನ ಗ್ಲಾಸು ಯುವಿನ ಚೆನ್ನಾಗೇ ತಡೆಯತ್ತೆ, ಪಕ್ಕದ ಗ್ಲಾಸು ಅಷ್ಟು ತಡೆಯಲ್ಲ. ದಿನಾ ಗಂಟೆಗಟ್ಲೆ ಓಡ್ಸೋರು ಎರಡೂ ಮೊಣಕೈ ಪಕ್ಕ ಪಕ್ಕ ಇಟ್ಟು ನೋಡಿ, ಕಿಟಕಿ ಕಡೆ ಇರೋ ಬಲಗೈ ಒಂದು ಶೇಡ್ ಜಾಸ್ತಿ ಕಪ್ಪಾಗಿರತ್ತೆ. ಉದ್ದ ತೋಳಿನ ಅಂಗಿ ಹಾಕಿ.

ಅಮ್ಮ ಬಂದಾಗ ಸೀರೆ ಮೇಲೆ ಟೋಪಿನಾ ಅಂತ ನಗ್ತಾರೆ, ಬೇಡ, ಛತ್ರಿ ಹಿಡೀಲಿ, ಅದೂ ನೆರಳೇ. ಮರಳು, ಕಾಂಕ್ರೀಟಿಂದ ಪ್ರತಿಫಲಿಸಿ ಕೆಳಗಿಂದಲೂ ಯುವಿ ಬರತ್ತೆ, ಅದಕ್ಕೆ ಮುಖಕ್ಕೊಂದು ಚಮಚ ಸನ್‌ಸ್ಕ್ರೀನ್, ಕಣ್ಣಿಗೆ ಗ್ಲಾಸ್ ಇರ್ಲಿ.

ಇನ್ನು ಕಪ್ಪು ಚರ್ಮದ ವಿಷಯ. ಮೆಲನಿನ್ ಇರೋದ್ರಿಂದ ನಮಗೆ ಸ್ಕಿನ್ ಕ್ಯಾನ್ಸರ್ ಬಿಳಿಯವರಿಗಿಂತ ಕಮ್ಮಿ, ಇದು ನಿಜ. ಆದ್ರೆ ಬಂದಾಗ ಗೊತ್ತಾಗೋದು ಲೇಟು, ಯಾಕಂದ್ರೆ ಯಾರೂ ಹುಡುಕಲ್ಲ, ಅಂಗಾಲು, ಅಂಗೈ, ಉಗುರಿನ ಕೆಳಗೆ ಬರೋದಂತೂ ಬಿಸಿಲಿಗೆ ಸಂಬಂಧನೇ ಇಲ್ಲದೆ ಬರಬಹುದು. ಯುವಿಯಿಂದ ಬರೋ ಕಣ್ಣಿನ ಪೊರೆಗಂತೂ ಚರ್ಮದ ಬಣ್ಣ ಲೆಕ್ಕಕ್ಕೇ ಇಲ್ಲ. ಹಾಗೇ ವಿಟಮಿನ್ ಡಿ ಕೊರತೆ ನಮ್ಮಂಥ ಬಣ್ಣದವ್ರಿಗೆ ಇಲ್ಲಿ ಜಾಸ್ತಿ, ಅದಕ್ಕೆ ಜನವರಿ ಮಧ್ಯಾಹ್ನ ಬಿಸಿಲಲ್ಲಿ ಒಣಗೋದು ಉಪಾಯ ಅಲ್ಲ, ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ರ ಕೇಳಿ, ಬೇಕಿದ್ರೆ ಬ್ಲಡ್ ಟೆಸ್ಟ್ ಮಾಡ್ಸಿ ಮಾತ್ರೆ ಕೊಡ್ತಾರೆ. ಅದೇ ಅಪಾಯಿಂಟ್‌ಮೆಂಟಲ್ಲಿ ಹೊಸ ಮಚ್ಚೆ, ಆಕಾರ ಬಣ್ಣ ಬದಲಾದ ಮಚ್ಚೆ, ವಾಸಿಯಾಗದ ಗಾಯ, ಉಗುರಲ್ಲಿ ಕಪ್ಪು ಗೆರೆ ಏನಾದ್ರೂ ಇದ್ರೆ ತೋರ್ಸಿಬಿಡಿ, ಮುಜುಗರ ಪಟ್ಕೊಂಡು ಸಾಕ್ಸ್ ಬಿಚ್ಚದೆ ಬರ್ಬೇಡಿ.